ಕಫ ಪರೀಕ್ಷೆ ‘ನೆಗೆಟಿವ್’ ಬಂದರೆ ಟಿಬಿ ಇಲ್ಲವೆಂದೇ? ಸೂಕ್ಷ್ಮತೆಯ ಲೆಕ್ಕ ತಿಳಿಯಿರಿ

ನೀವು ಅಂಧೇರಿಯ ಹೋಟೆಲೊಂದರಲ್ಲಿ ದುಡಿಯುತ್ತ, ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿಯೊಡನೆ ಮಲಗುವವರಾದರೆ ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬಾರದು. ಕಫ ಪರೀಕ್ಷೆ ಮಾಡಿಸಿದಿರಿ, ವರದಿ ‘ನೆಗೆಟಿವ್’ ಬಂತು. ಆದರೆ ಕೆಮ್ಮು, ಸಂಜೆಯ ಜ್ವರ ಹಾಗೆಯೇ ಇವೆ. ಆಗ ಆ ಪರೀಕ್ಷೆಯ ಸೂಕ್ಷ್ಮತೆಯನ್ನು ಗಮನಿಸಬೇಕು.

ಸೂಕ್ಷ್ಮತೆಯ ಲೆಕ್ಕಕ್ಕೆ ರೋಗ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಕಲ್ಚರ್ ಪರೀಕ್ಷೆಯಲ್ಲಿ ಟಿಬಿ ಖಚಿತವಾದ 100 ಮಂದಿ ಇದ್ದಾರೆ ಎನ್ನೋಣ. ಬೇರೊಂದು ಪರೀಕ್ಷೆ ಅವರಲ್ಲಿ 60 ಮಂದಿಯನ್ನು ಪತ್ತೆ ಮಾಡಿದರೆ ಅದರ ಸೂಕ್ಷ್ಮತೆ ಶೇ 60. ಉಳಿದ 40 ಮಂದಿ ರೋಗವಿದ್ದೂ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ಹಾಗೆಂದು ನೆಗೆಟಿವ್ ಬಂದ ನಿಮಗೆ ಟಿಬಿ ಇರುವ ಸಾಧ್ಯತೆ ಶೇ 40 ಎಂದಲ್ಲ. ಅದು ನಿಮ್ಮ ಲಕ್ಷಣ, ಎಕ್ಸ್‌ರೇ, ಸುತ್ತಲಿನವರ ರೋಗ ಇವನ್ನೂ ಅವಲಂಬಿಸಿದೆ. ರೋಗವಿಲ್ಲದವರನ್ನು ಸರಿಯಾಗಿ ‘ಇಲ್ಲ’ ಎನ್ನುವ ಗುಣಕ್ಕೆ ನಿರ್ದಿಷ್ಟತೆ ಎಂದು ಹೆಸರು, ಅದರ ಲೆಕ್ಕ ಬೇರೆ.

ರೋಗ ತಪ್ಪಿಹೋಗುವುದೇಕೆ? ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳು ಇರಬೇಕು. ಸಿಬಿನಾಟ್ ಯಂತ್ರಕ್ಕೆ ಸುಮಾರು 130 ಸಾಕು. ಮಕ್ಕಳಲ್ಲಿ, ಎಚ್‌ಐವಿ ಇರುವವರಲ್ಲಿ ಕಫದಲ್ಲಿನ ರೋಗಾಣು ಕಡಿಮೆ, ಆದ್ದರಿಂದ ಹಳೆಯ ಪರೀಕ್ಷೆ ಅವರಲ್ಲೇ ಹೆಚ್ಚು ಸೋಲುತ್ತದೆ. ಆದರೆ ಯಂತ್ರವೂ ಸರ್ವಜ್ಞನಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಕಾಕ್ರೇನ್ ವಿಮರ್ಶೆಯಲ್ಲಿ, ಸೂಕ್ಷ್ಮದರ್ಶಕದಲ್ಲಿ ಪಾಸಿಟಿವ್ ಬಂದ ರೋಗಿಗಳ ಪೈಕಿ ಶೇ 98 ಮಂದಿಯನ್ನು ಸಿಬಿನಾಟ್ ಪತ್ತೆ ಮಾಡಿತ್ತು. ಅಲ್ಲಿ ನೆಗೆಟಿವ್ ಆಗಿದ್ದ ರೋಗಿಗಳಲ್ಲಿ ಶೇ 67 ಮಾತ್ರ.

ಕಫ ಹೇಗೆ ಕೊಟ್ಟಿರಿ ಎಂಬುದೂ ಮುಖ್ಯ. ಬೆಳಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಿರಿ. ಎಂಜಲು ಕೊಟ್ಟರೆ ಯಾವ ಯಂತ್ರವೂ ಏನೂ ಹೇಳಲಾರದು. ಕುತ್ತಿಗೆಯ ಗಂಟು, ಬೆನ್ನುಮೂಳೆ ಮೊದಲಾದ ಕಡೆಯ ಟಿಬಿ ಕಫದಲ್ಲಿ ಸಿಗದೇ ಹೋಗಬಹುದು.

ವರದಿ ಹಿಡಿದು ವೈದ್ಯರ ಬಳಿ ಹೋದಾಗ ಯಾವ ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿ. ಸೂಕ್ಷ್ಮದರ್ಶಕದ್ದಾಗಿದ್ದರೆ ಸಿಬಿನಾಟ್, ಎಕ್ಸ್‌ರೇ, ಬೇಕಾದರೆ ಕಲ್ಚರ್ ಬಗ್ಗೆ ವಿಚಾರಿಸಿ. ಕಲ್ಚರ್ ನೆಗೆಟಿವ್ ಎನ್ನಲು ಸುಮಾರು ಆರು ವಾರ ಕಾಯಬೇಕಾಗುತ್ತದೆ. ಈ ನಡುವೆ ಔಷಧ ಅಂಗಡಿಯಿಂದ ಕೇಳಿ ತಂದ ಆ್ಯಂಟಿಬಯೋಟಿಕ್ ನುಂಗಬೇಡಿ. ಅವುಗಳಲ್ಲಿ ಕೆಲವು ಟಿಬಿಯನ್ನು ತಾತ್ಕಾಲಿಕವಾಗಿ ಮರೆಮಾಚಿ ಪತ್ತೆಯನ್ನು ತಡಮಾಡುತ್ತವೆ. ಸರ್ಕಾರಿ ಕೇಂದ್ರಗಳಲ್ಲಿ ಟಿಬಿ ಪರೀಕ್ಷೆ, ಚಿಕಿತ್ಸೆ ಉಚಿತ. ನಿಕ್ಷಯ್ ಸಹಾಯವಾಣಿ: 1800-11-6666. ಊರಿಗೆ ಹೋಗುವುದಿದ್ದರೆ ಕೇಂದ್ರಕ್ಕೆ ಮೊದಲೇ ತಿಳಿಸಿ, ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಿಕೊಡುತ್ತಾರೆ.