ಮುಟ್ಟು ತಪ್ಪಿದ ಮೇಲೆ: ಗರ್ಭ ಪರೀಕ್ಷೆಯ ಚರಿತ್ರೆ

ತಿಂಗಳ ಮುಟ್ಟು ನಾಲ್ಕು ದಿನ ತಡವಾದರೆ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ. ಮಗು ಬೇಕೆಂದು ಕಾಯುವವಳಿಗೂ, ಈಗ ಬೇಡವೆಂದು ಹೆದರುವವಳಿಗೂ ಆ ದಿನಗಳು ಉದ್ದವೇ. ಆ ಪ್ರಶ್ನೆಯ ಉತ್ತರ ಯಾರ ಕೈಯಲ್ಲಿತ್ತು ಎಂದು ಹುಡುಕಿದರೆ ಒಂದು ಸ್ವಾರಸ್ಯದ ಚರಿತ್ರೆಯೇ ಸಿಗುತ್ತದೆ.

ಪ್ರಾಚೀನ ಈಜಿಪ್ಟಿನವರು ಗೋಧಿ ಮತ್ತು ಬಾರ್ಲಿ ಕಾಳಿನ ಮೇಲೆ ಹೆಂಗಸಿನ ಮೂತ್ರ ಹೊಯ್ಯುತ್ತಿದ್ದರು. ಮೊಳಕೆ ಬಂದರೆ ಬಸಿರು. ನಗಬೇಡಿ, 1963ರಲ್ಲಿ ಇದನ್ನು ಪ್ರಯೋಗ ಮಾಡಿದಾಗ ಗರ್ಭಿಣಿಯರ ಮೂತ್ರಕ್ಕೆ ಶೇಕಡಾ 70ರಷ್ಟು ಸಲ ಕಾಳು ಮೊಳೆತಿತ್ತಂತೆ! ನಮ್ಮ ಅಜ್ಜಿಯಂದಿರಿಗಾದರೋ ವಾಂತಿ, ಹುಳಿಯ ಆಸೆ, ಸೂಲಗಿತ್ತಿಯ ಅನುಭವ ಇಷ್ಟೇ ಆಧಾರ.

1927ರಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಜೋಂಡೆಕ್ ಎಳೆಯ ಹೆಣ್ಣಿಲಿಗಳಿಗೆ ಮೂತ್ರ ಚುಚ್ಚಿ, ಕೆಲವು ದಿನಗಳ ಬಳಿಕ ಕೊಯ್ದು ಅಂಡಾಶಯ ನೋಡುವ ಪರೀಕ್ಷೆ ಕಂಡುಹಿಡಿದರು. 1931ರಲ್ಲಿ ಅಮೆರಿಕದ ಫ್ರೀಡ್‌ಮನ್ ಮೊಲವನ್ನು ಬಳಸಿದರು. ಮೊಲ ಸತ್ತರೆ ಬಸಿರು ಎಂಬ ಮಾತು ಅಲ್ಲಿ ಹುಟ್ಟಿಕೊಂಡಿತು. ಪಾಪ, ಉತ್ತರ ಏನೇ ಬರಲಿ, ಮೊಲ ಸಾಯಲೇಬೇಕಿತ್ತು. ಮುಂದೆ ದಕ್ಷಿಣ ಆಫ್ರಿಕಾದ ಒಂದು ಕಪ್ಪೆ ಬಂತು. ಚುಚ್ಚಿದ ಮರುದಿನವೇ ಮೊಟ್ಟೆಯಿಟ್ಟು ಉತ್ತರ ಹೇಳುತ್ತಿತ್ತು, ಬದುಕಿಯೂ ಉಳಿಯುತ್ತಿತ್ತು. ಇವೆಲ್ಲ ಗುರುತಿಸುತ್ತಿದ್ದುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. 1960ರಲ್ಲಿ ಸ್ವೀಡನ್ನಿನವರು ಪ್ರಾಣಿಯಿಲ್ಲದೆ, ಗಾಜಿನ ಕೊಳವೆಯಲ್ಲೇ ಅದನ್ನು ಪತ್ತೆಹಚ್ಚಿದರು.

ಆದರೂ ಫಲಿತಾಂಶ ಮೊದಲು ತಿಳಿಯುತ್ತಿದ್ದುದು ವೈದ್ಯರಿಗೆ. 1967ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರಲ್ಲಿ ಚಿತ್ರವಿನ್ಯಾಸಕಿಯಾಗಿದ್ದ 26 ವರ್ಷದ ಮಾರ್ಗರೆಟ್ ಕ್ರೇನ್, ಕನ್ನಡಿಯ ಮೇಲೆ ಸಾಲಾಗಿ ತೂಗುಹಾಕಿದ್ದ ಕೊಳವೆಗಳನ್ನು ಕಂಡು, ಇದನ್ನು ಮನೆಯಲ್ಲೇ ಮಾಡಬಹುದಲ್ಲ ಎಂದುಕೊಂಡರು. ಪೇಪರ್ ಕ್ಲಿಪ್ ಇಡುವ ಪ್ಲಾಸ್ಟಿಕ್ ಡಬ್ಬಿಯಿಂದ ಮಾದರಿ ತಯಾರಿಸಿದರು. ಕಂಪನಿ ಮೊದಲು ಒಪ್ಪಲಿಲ್ಲ. ಹೆಂಗಸರು ತಾವೇ ತಿಳಿದುಕೊಂಡರೆ ವೈದ್ಯರ ಗತಿಯೇನು ಎಂಬ ಚಿಂತೆ! ಕೊನೆಗೆ 1971ರಲ್ಲಿ ಕೆನಡಾದಲ್ಲಿ ಮಾರಾಟ ಶುರುವಾಯಿತು. ಹಕ್ಕುಪತ್ರ ಬಿಟ್ಟುಕೊಟ್ಟದ್ದಕ್ಕೆ ಕ್ರೇನ್‌ಗೆ ಗೊತ್ತಾದ ಬೆಲೆ ಒಂದು ಡಾಲರ್. ಅದೂ ಕೈಗೆ ಬರಲಿಲ್ಲ ಎಂದು ಅವರೇ ಹೇಳಿದ್ದಾರೆ.

ಆಗ 2 ಗಂಟೆ ಅಲುಗಾಡಿಸದೆ ಕಾಯಬೇಕಿತ್ತು, ಈಗ 5 ನಿಮಿಷ ಸಾಕು. ನಮ್ಮ ಗಡಿನಾಡಿನಲ್ಲಿ ಸಿಗುವ ಕಿಟ್ಟುಗಳ ಮೇಲಿನ ಸೂಚನೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆದಿಡುತ್ತೇವೆ. ಮುಟ್ಟು ಬರಬೇಕಾದ ದಿನ ದಾಟುವವರೆಗೆ ಕಾಯಿರಿ. ಅದಕ್ಕೂ ಮೊದಲೇ ನೋಡಿದರೆ ಹಾರ್ಮೋನು ಸಾಲದೆ, ಬಸಿರಿದ್ದರೂ ಇಲ್ಲವೆಂದು ತೋರಿಸಬಹುದು. ಬೆಳಗಿನ ಮೊದಲ ಮೂತ್ರ ಗಟ್ಟಿಯಾಗಿರುವುದರಿಂದ ಅದೇ ಒಳ್ಳೆಯದು. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಎರಡನೆಯ ಗೆರೆ ಮಸುಕಾಗಿದ್ದರೂ ಗೆರೆಯೇ. ಕಿಬ್ಬೊಟ್ಟೆಯಲ್ಲಿ ವಿಪರೀತ ನೋವೋ ತಲೆಸುತ್ತೋ ಇದ್ದರೆ ಗೆರೆ ನೋಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಅಂಗಡಿಯಲ್ಲಿ ಕೇಳಲು ನಾಚಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರ ಮೂಲಕ ಕೊಡಲೆಂದೇ ಸರಕಾರದ ‘ನಿಶ್ಚಯ್’ ಎಂಬ ಕಿಟ್ ಇದೆ.