ನ್ಯಾನೊತಂತ್ರಜ್ಞಾನ ಪರಿಚಯ ಕಾರ್ಯಕ್ರಮ

ವಿಜ್ಞಾನ ಶಿಕ್ಷಣದಲ್ಲಿ ಪ್ರಾತಿನಿಧ್ಯ ಕಡಿಮೆಯಿರುವ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳು ತಮ್ಮ ನ್ಯಾನೊ ಪ್ರಯೋಗಾಲಯಗಳನ್ನು ತೆರೆದಿಡುವ ಶೈಕ್ಷಣಿಕ ಚಟುವಟಿಕೆ. ಅಮೆರಿಕದಲ್ಲಿ ಇದು ಹೆಚ್ಚಾಗಿ ಕಪ್ಪುಜನರು, ಹಿಸ್ಪಾನಿಕರು, ಮೂಲನಿವಾಸಿಗಳು ಹಾಗೂ ವಿದ್ಯಾರ್ಥಿನಿಯರನ್ನು ಗುರಿಯಾಗಿಸಿಕೊಂಡಿದೆ.

ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ 2004ರಲ್ಲಿ ರೂಪಿಸಿದ ನ್ಯಾಷನಲ್ ನ್ಯಾನೊಟೆಕ್ನಾಲಜಿ ಇನ್‌ಫ್ರಾಸ್ಟ್ರಕ್ಚರ್ ನೆಟ್‌ವರ್ಕ್ ಸಂಶೋಧಕರಿಗೆ ಉಪಕರಣ ಒದಗಿಸುವುದರ ಜೊತೆಗೆ ಪದವಿ ವಿದ್ಯಾರ್ಥಿಗಳ ಬೇಸಿಗೆ ಸಂಶೋಧನಾ ತರಬೇತಿಯನ್ನೂ ನಡೆಸಿತು. 2015ರಲ್ಲಿ 16 ಕೇಂದ್ರಗಳ ಹೊಸ ಜಾಲವೊಂದು ಆ ಕೆಲಸವನ್ನು ವಹಿಸಿಕೊಂಡಿತು.

ಶಾಲಾ ಭೇಟಿ, ಶಿಬಿರ, ಶಿಕ್ಷಕರ ಕಮ್ಮಟ ಇಂಥ ಪರಿಚಯ ಕಾರ್ಯಕ್ರಮಗಳ ಸಾಮಾನ್ಯ ರೂಪಗಳು. ಗಾಳಿಯಲ್ಲಿನ ಧೂಳಿನ ಕಣಗಳನ್ನು ಅತಿ ಕಡಿಮೆ ಮಟ್ಟದಲ್ಲಿಟ್ಟ ಸ್ವಚ್ಛಕೋಣೆಯ (ಕ್ಲೀನ್‌ರೂಮ್) ಪ್ರವೇಶವೇ ಪ್ರಮುಖ ಆಕರ್ಷಣೆ. ಒಳಹೋಗುವವರು ತಲೆಗವಸು, ಮೇಲಂಗಿ, ಪಾದಗವಸು, ಕೈಗವಸುಗಳನ್ನು ಕ್ರಮವಾಗಿ ಧರಿಸಬೇಕು. ಇಲ್ಲಿ ಕಾಪಾಡಬೇಕಾದ್ದು ಮನುಷ್ಯನನ್ನಲ್ಲ, ಅವನಿಂದ ಉದುರುವ ಕಣಗಳಿಂದ ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆಯನ್ನು. ನೀಲಿ ಹಾಗೂ ನೇರಳಾತೀತ ಬೆಳಕಿಗೆ ಬಿಲ್ಲೆಯ ಮೇಲಿನ ಫೋಟೋರೆಸಿಸ್ಟ್ ಲೇಪ ಪ್ರತಿಕ್ರಿಯಿಸುವುದರಿಂದ, ಬೆಳಕಿನಿಂದ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಕೋಣೆಯಲ್ಲಿ ಹಳದಿ ದೀಪಗಳಷ್ಟೇ ಉರಿಯುತ್ತವೆ. ತರಗತಿಗೆ ಸುಲಭವಾಗಿ ಒಯ್ಯಬಹುದಾದ ಪ್ರಯೋಗಗಳೂ ಇವೆ: ಅಯಸ್ಕಾಂತ ಹತ್ತಿರ ತಂದರೆ ಮುಳ್ಳುಮುಳ್ಳಾಗಿ ಏಳುವ ಫೆರೋದ್ರವ, ಕಣಗಳು ಹತ್ತಾರು ನ್ಯಾನೊಮೀಟರ್‌ ಗಾತ್ರಕ್ಕೆ ಇಳಿದಾಗ ಮಾಣಿಕ್ಯಗೆಂಪಾಗಿ ಕಾಣುವ ಚಿನ್ನದ ದ್ರಾವಣ. ದೂರದ ಶಾಲೆಗಳು ಅಂತರಜಾಲದ ಮೂಲಕ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ತಾವೇ ನಡೆಸುವ ಏರ್ಪಾಡೂ ಉಂಟು.

ಒಂದು ದಿನದ ಭೇಟಿ ಕುತೂಹಲ ಕೆರಳಿಸಬಹುದು. ಆದರೆ ವಿಷಯದ ಹಿಡಿತ ಸಿಗುವುದು ವಾರಗಟ್ಟಲೆ ಉಪಕರಣ ಮುಟ್ಟಿ ಕೆಲಸ ಮಾಡುವ, ಭತ್ಯೆಯುಳ್ಳ ಬೇಸಿಗೆ ತರಬೇತಿಯಲ್ಲಿ. ದುಡಿಮೆ ಬಿಟ್ಟು ಬರಲಾಗದ ವಿದ್ಯಾರ್ಥಿಗೆ ಈ ಭತ್ಯೆಯೇ ನಿರ್ಣಾಯಕ.

ಭಾರತದಲ್ಲಿ ಇದಕ್ಕೆ ಸಮೀಪದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬಾಂಬೆ ಐಐಟಿಗಳಲ್ಲಿ 2008ರಲ್ಲಿ ಆರಂಭವಾದ ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ. ಇಲ್ಲಿನ ಮಾನದಂಡ ಸಮುದಾಯವಲ್ಲ, ಸೌಲಭ್ಯದ ಕೊರತೆ: ಸ್ವಂತ ಸ್ವಚ್ಛಕೋಣೆಯಿಲ್ಲದ ಕಾಲೇಜುಗಳ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಇದರ ಫಲಾನುಭವಿಗಳು.