‘ಹ್ಯಾವ್’ ಧಾತುವೂ ಕನ್ನಡ ವಿದ್ಯಾರ್ಥಿಯೂ
ಇಂಗ್ಲಿಷಿನ ಪೂರ್ಣವರ್ತಮಾನವನ್ನು ಕಲಿಸಿದ ಬಗೆಯ ಚರಿತ್ರೆ

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬ ವಾಕ್ಯವನ್ನು ಕಾಣದೆ ಉತ್ತರಪತ್ರಿಕೆಗಳ ಒಂದು ಕಟ್ಟನ್ನು ತಿದ್ದಿ ಮುಗಿಸಿದ ಇಂಗ್ಲಿಷ್ ಅಧ್ಯಾಪಕರು ನಮ್ಮಲ್ಲಿ ವಿರಳ. ಅದರ ಜೊತೆಯಲ್ಲಿಯೇ ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯವೂ ಬರುತ್ತದೆ. ಇವೆರಡನ್ನೂ ಕೆಂಪು ಮಸಿಯಿಂದ ಹೊಡೆದುಹಾಕಿ, ‘ಮಾತೃಭಾಷೆಯ ದೋಷ’ ಎಂದು ಒಂದು ಮಾತಿನಲ್ಲಿ ತೀರ್ಪು ಕೊಡುವುದು ವಾಡಿಕೆಯಾಗಿದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು, ಈ ಕಾಲವನ್ನು ಕಲಿಸಿದ ಪದ್ಧತಿಗಳ ಪಾಲು ಇದರಲ್ಲಿ ಎಷ್ಟು ಎಂಬುದನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಆ ರೂಪದ ಹುಟ್ಟನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾವ್’ ಎಂಬುದು ಸಹಾಯಕ ಕ್ರಿಯಾಪದವಾಗಿರಲಿಲ್ಲ. ಒಡೆತನವನ್ನು ಹೇಳುವ ಪೂರ್ಣ ಧಾತುವಾಗಿತ್ತು. ‘ಕಾಗದವನ್ನು ಬರೆದುದನ್ನಾಗಿ ಹೊಂದಿದ್ದೇನೆ’ ಎಂಬಂತಹ ರಚನೆಯಲ್ಲಿ ಕೃದಂತವು ಕರ್ಮಪದದ ವಿಶೇಷಣವಾಗಿ ನಿಂತು, ಅನೇಕ ವೇಳೆ ಅದರ ಲಿಂಗವಚನವಿಭಕ್ತಿಗಳನ್ನೂ ತಾಳುತ್ತಿತ್ತು. ಕಾಲಕ್ರಮದಲ್ಲಿ ಒಡೆತನದ ಅರ್ಥವು ಸವೆದು, ಕೃದಂತವು ‘ಹ್ಯಾವ್’ನೊಡನೆ ಬೆಸೆದುಕೊಂಡು ಒಂದೇ ಆಖ್ಯಾತವಾಯಿತು. ಆದರೆ ‘ಬರು’, ‘ಹೋಗು’ ಮೊದಲಾದ ಚಲನಾರ್ಥಕ ಅಕರ್ಮಕ ಧಾತುಗಳು ಬಹುಕಾಲ ಬೇರೆ ಹಾದಿಯಲ್ಲಿ ನಡೆದುವು. ‘ಹಿ ಈಸ್ ಕಮ್’ ಎಂದೇ ಅವುಗಳ ರೂಪ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇದು ಹೇರಳವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಪೂರ್ತಿ ಅಳಿದಿರಲಿಲ್ಲ. ‘ಹಿ ಈಸ್ ಗಾನ್’ ಎಂಬಲ್ಲಿ ಇಂದಿಗೂ ಉಳಿದಿದೆ. ‘ಬಂದು ಇದ್ದಾನೆ’ ಎನ್ನುವ ನಮ್ಮ ಕಿವಿಗೆ ‘ಈಸ್ ಕಮ್’ ಎಷ್ಟು ಹತ್ತಿರವೆಂಬುದನ್ನು ವಿವರಿಸಬೇಕಾಗಿಲ್ಲ. ಕನ್ನಡಕ್ಕೆ ‘ಹ್ಯಾವ್’ಗೆ ಸಮನಾದ ಧಾತುವೇ ಇಲ್ಲ, ‘ನನಗೆ ಮನೆ ಇದೆ’ ಎನ್ನುತ್ತೇವೆಯೇ ಹೊರತು ಮನೆಯನ್ನು ಕರ್ಮಪದವನ್ನಾಗಿ ಮಾಡುವುದಿಲ್ಲ. ಇಂಗ್ಲಿಷು ಕ್ರಮೇಣ ‘ಇರು’ ಎಂಬುದನ್ನು ಬಿಟ್ಟು ಎಲ್ಲ ಧಾತುಗಳಿಗೂ ‘ಹ್ಯಾವ್’ ಎಂಬುದನ್ನೇ ಕಟ್ಟಿತು. ಕನ್ನಡವು ಎಲ್ಲಕ್ಕೂ ‘ಇರು’ ಎಂಬುದನ್ನೇ ಇಟ್ಟುಕೊಂಡಿತು.

ಇನ್ನು ‘ನಿನ್ನೆ’ಯ ನಿಷೇಧ. ಇದು ಇಂಗ್ಲಿಷಿನ ಜನ್ಮಸಿದ್ಧ ಲಕ್ಷಣವೆಂದು ತಿಳಿಯುವುದು ತಪ್ಪು. ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲಿಷ್ ಗದ್ಯದಲ್ಲಿ ಮುಗಿದ ಕಾಲವನ್ನು ಹೇಳುವ ಪದಗಳೊಡನೆ ಪೂರ್ಣವರ್ತಮಾನವು ಬಂದಿರುವ ಪ್ರಯೋಗಗಳು ಸಿಕ್ಕುತ್ತವೆ. ಜರ್ಮನ್ ಭಾಷೆಯೂ ಆಡುಮಾತಿನ ಫ್ರೆಂಚ್ ಭಾಷೆಯೂ ಇಂದಿಗೂ ‘ನಿನ್ನೆ’ಯೊಡನೆ ತಮ್ಮ ಸಮಾನರೂಪವನ್ನು ನಿಸ್ಸಂಕೋಚವಾಗಿ ಬಳಸುತ್ತವೆ. ಹಾಗಾದರೆ ನಮ್ಮ ವಿದ್ಯಾರ್ಥಿಯು ಮಾಡುವುದು ತರ್ಕದ ತಪ್ಪಲ್ಲ, ರೂಢಿಯ ತಪ್ಪು; ಅದೂ ಈಚಿನ ಕೆಲವು ಶತಮಾನಗಳಲ್ಲಿ ಬಿಗಿಗೊಂಡ ಒಂದು ರೂಢಿಯ ತಪ್ಪು.

ಇಂಗ್ಲಿಷಿನ ವೈಯಾಕರಣರು ಈ ಕಾಲವನ್ನು ಲ್ಯಾಟಿನ್ನಿನ ಕನ್ನಡಿಯಲ್ಲಿ ನೋಡಿದರು. ಲ್ಯಾಟಿನ್ನಿನಲ್ಲಿ ‘ಪರ್ಫೆಕ್ಟ್’ ಎಂಬ ಒಂದೇ ರೂಪವು ‘ಪ್ರೀತಿಸಿದೆನು’, ‘ಪ್ರೀತಿಸಿದ್ದೇನೆ’ ಎಂಬ ಎರಡರ್ಥವನ್ನೂ ಹೊತ್ತಿತ್ತು. ಆ ಹೆಸರನ್ನೇ ಎರಡು ಬೇರೆ ರೂಪಗಳಿರುವ ಇಂಗ್ಲಿಷಿಗೆ ತಂದಾಗ ಗೊಂದಲವಾಗದೆ ಇರುವುದು ಸಾಧ್ಯವಿರಲಿಲ್ಲ. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರೆಯ ವ್ಯಾಕರಣವು ಹತ್ತೊಂಬತ್ತನೆಯ ಶತಮಾನದ ಶಾಲೆಗಳನ್ನು ಆಳಿತು. ಈ ಕಾಲವು ಗತಿಸಿದುದನ್ನು ಹೇಳುತ್ತಲೇ ವರ್ತಮಾನದ ಸೂಚನೆಯನ್ನೂ ಕೊಡುತ್ತದೆ ಎಂಬ ವಿವರಣೆ ಅದರಲ್ಲಿದೆ. ವಿವರಣೆ ಸರಿಯೇ, ಆದರೆ ಆ ‘ಸೂಚನೆ’ ಎಂದರೇನೆಂಬುದನ್ನು ಬಾಲಕನಿಗೆ ತಿಳಿಸುವ ಉಪಾಯವು ಅದರಲ್ಲಿಲ್ಲ. ನಮ್ಮ ದೇಶದ ಪಾಠಶಾಲೆಗಳಿಗೆ ಈ ಪರಂಪರೆಯು ಸೂತ್ರರೂಪದಲ್ಲಿಯೇ ಇಳಿದು ಬಂದಿತು. 1930ರ ದಶಕದಿಂದ ನಮ್ಮ ಪ್ರೌಢಶಾಲೆಗಳನ್ನು ವ್ಯಾಪಿಸಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಮೊದಲು ಹೊರಟದ್ದು ಭಾರತದಲ್ಲಿದ್ದ ಬ್ರಿಟಿಷರ ಮಕ್ಕಳಿಗಾಗಿ, ಎಂದರೆ ಮನೆಯಲ್ಲಿ ಇಂಗ್ಲಿಷನ್ನೇ ಕೇಳಿ ಬೆಳೆದವರಿಗಾಗಿ. ಅಂಥವರಿಗೆ ಸೂತ್ರವು ಬಲ್ಲುದನ್ನು ನೆನಪಿಸುತ್ತದೆ. ನಮ್ಮ ಮಕ್ಕಳಿಗಾದರೋ ಸೂತ್ರವೊಂದೇ ಗತಿ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆವು. ಫ್ರಾನ್ಸಿನ ಪೋರ್ ರೊಯಾಲ್ ವ್ಯಾಕರಣವು 1660ರಲ್ಲಿ, ಕನಿಷ್ಠ ಒಂದು ದಿನದಷ್ಟಾದರೂ ಹಿಂದಿನ ಸಂಗತಿಗೆ ಮಾತ್ರ ಸಾಮಾನ್ಯ ಭೂತರೂಪವು ಸಲ್ಲುತ್ತದೆ, ಇಂದಿನದಕ್ಕೆ ಸಂಯುಕ್ತರೂಪವೇ ಬೇಕು ಎಂದು ವಿಧಿಸಿತು. ಇದಕ್ಕೆ ಎರಡು ಸಾವಿರ ವರ್ಷಗಳಷ್ಟು ಮೊದಲೇ ಪಾಣಿನಿಯು ಭೂತಕಾಲವನ್ನು ಇದೇ ಗೆರೆಯಿಂದ ಸೀಳಿದ್ದನು. ಇಂದಿನದಲ್ಲದ ಭೂತಕ್ಕೆ ಲಙ್, ಅದರಲ್ಲಿಯೂ ವಕ್ತೃವು ಕಣ್ಣಾರೆ ಕಾಣದುದಕ್ಕೆ ಲಿಟ್, ಉಳಿದ ಭೂತಸಾಮಾನ್ಯಕ್ಕೆ ಲುಙ್ ಎಂಬುದು ಅವನ ವ್ಯವಸ್ಥೆ. ಆದುದರಿಂದ ಇಂಗ್ಲಿಷಿನ ಪೂರ್ಣವರ್ತಮಾನಕ್ಕೆ ಸಂಸ್ಕೃತದಲ್ಲಿ ತಕ್ಕಮಟ್ಟಿಗೆ ಹತ್ತಿರವಾದುದು ಲುಙ್. ಆದರೆ ಐರೋಪ್ಯ ವಿದ್ವಾಂಸರು ಗ್ರೀಕ್ ರೂಪಗಳ ಸಾದೃಶ್ಯವನ್ನು ಹಿಡಿದು ‘ಪರ್ಫೆಕ್ಟ್’ ಎಂಬ ಹೆಸರನ್ನು ಲಿಟ್ಟಿಗೆ ಕೊಟ್ಟರು. ವಿಟ್ನಿಯ 1879ರ ಸಂಸ್ಕೃತ ವ್ಯಾಕರಣದಲ್ಲಿಯೂ ಹಾಗೆಯೇ ಇದೆ. ರೂಪನಿಷ್ಪತ್ತಿಯ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಅದರ ಫಲವನ್ನು ನೋಡಿರಿ: ಇಂಗ್ಲಿಷಿನ ಮೂಲಕ ಸಂಸ್ಕೃತವನ್ನು ಓದಿದ ನಮ್ಮ ವಿದ್ಯಾರ್ಥಿಯು ಬೆಳಗಿನ ತರಗತಿಯಲ್ಲಿ ‘ಪರ್ಫೆಕ್ಟ್’ ಎಂದರೆ ಯಾರೂ ಕಾಣದ ಪುರಾತನ ಸಂಗತಿಯೆಂದೂ, ಮಧ್ಯಾಹ್ನದ ತರಗತಿಯಲ್ಲಿ ಅದೇ ಹೆಸರು ಈಗತಾನೆ ನಡೆದು ಕಣ್ಣೆದುರಿಗಿರುವ ಸಂಗತಿಯೆಂದೂ ಕಲಿಯಬೇಕಾಯಿತು. ತಪ್ಪು ಅವನ ಮಾತೃಭಾಷೆಯದೆನ್ನುವುದು ಹೇಗೆ?

ಕನ್ನಡ ವ್ಯಾಕರಣದ ಕಡೆಗೆ ತಿರುಗೋಣ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ದ, ದಪ, ವ ಎಂದು ಭೂತ, ವರ್ತಮಾನ, ಭವಿಷ್ಯತ್ತುಗಳ ಮೂರು ಪ್ರತ್ಯಯಗಳನ್ನು ಹೇಳುತ್ತಾನೆ. ಭೂತನ್ಯೂನದ ಮೇಲೆ ‘ಇರು’ ಧಾತುವು ಬರುವ ರಚನೆಗೆ ನಾಲ್ಕನೆಯ ಕಾಲದ ಪದವಿಯು ದೊರೆಯಲಿಲ್ಲ; ಎರಡು ಪದಗಳು ಕೂಡಿದುದರಲ್ಲಿ ಬೇರೆ ಕಾಲವೆಲ್ಲಿ ಎಂಬುದು ಪ್ರಾಚೀನರ ನಿಲವು. 1817ರಲ್ಲಿ ಕೇರಿಯೂ 1903ರಲ್ಲಿ ಕಿಟ್ಟೆಲ್ಲರೂ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳನ್ನು ಪ್ರಕಟಿಸಿದಾಗ ಅವರ ಮುಂದಿದ್ದ ಕೆಲಸವು ನಮ್ಮದಕ್ಕೆ ವಿಲೋಮವಾದುದು: ಐರೋಪ್ಯರಿಗೆ ಕನ್ನಡವನ್ನು ಕಲಿಸುವುದು. ಆ ಹಾದಿಯಲ್ಲಿ ಎರಡು ಭಾಷೆಗಳ ಕ್ರಿಯಾರೂಪಗಳನ್ನು ಎದುರುಬದುರಾಗಿ ನಿಲ್ಲಿಸಿ ನೋಡುವ ಅಭ್ಯಾಸವು ಬೆಳೆಯಿತು. ಅದನ್ನು ಮಗುಚಿ, ಕನ್ನಡಿಗನಿಗೆ ಇಂಗ್ಲಿಷನ್ನು ಕಲಿಸುವುದಕ್ಕೆ ಬಳಸಿಕೊಳ್ಳುವ ಕೆಲಸವು ಅದೇ ಪ್ರಮಾಣದಲ್ಲಿ ನಡೆಯಲಿಲ್ಲ.

ಎದುರುಬದುರಾಗಿ ನಿಲ್ಲಿಸಿದರೆ ಕಾಣುವುದೇನು? ‘ಬಂದಿದ್ದಾನೆ’ ಎಂಬ ರೂಪವು ಮೈಸೂರಿನ ಹಳ್ಳಿಗಳಲ್ಲಿ ‘ಬಂದವ್ನೆ’ ಎಂದೂ ಧಾರವಾಡದ ಕಡೆ ‘ಬಂದಾನ’ ಎಂದೂ ಆಗುತ್ತದೆ. (ಧಾರವಾಡದ ‘ಬಂದಾನ’ವನ್ನು ಗ್ರಂಥಸ್ಥ ಕನ್ನಡದ ‘ಬಂದಾನು’ ಎಂದು ಕೇಳಿಸಿಕೊಂಡು, ಬಂದಿರುವ ಅತಿಥಿಯು ಇನ್ನೂ ಬರಬಹುದಾದವನೆಂದು ಭ್ರಮಿಸುವ ದಕ್ಷಿಣದವರೂ ಇಲ್ಲದಿಲ್ಲ.) ಎಲ್ಲೆಡೆಯಲ್ಲಿಯೂ ಅರ್ಥವು ಒಂದೇ: ಬರುವ ಕ್ರಿಯೆ ಮುಗಿದಿದೆ, ಬಂದವನು ಇದ್ದಾನೆ. ‘ನಿನ್ನೆ ಬಂದಿದ್ದಾನೆ’ ಎಂದರೆ ನಿನ್ನೆ ಬಂದವನು ಈಗಲೂ ಇಲ್ಲಿಯೇ ಇದ್ದಾನೆಂಬ ಧ್ವನಿ. ನೆಲವು ಒದ್ದೆಯಾಗಿರುವುದನ್ನು ಕಂಡು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತೇವೆ. ಮಳೆಯಲ್ಲಿ ನೆನೆದವನು ‘ರಾತ್ರಿ ಮಳೆ ಬಂತು’ ಎನ್ನುತ್ತಾನೆ. ನಿಷೇಧದಲ್ಲಿಯಂತೂ ಭೇದವು ಇನ್ನೂ ಸ್ಫುಟ: ‘ನಿನ್ನೆ ಅವನು ಬರಲಿಲ್ಲ’, ‘ಇನ್ನೂ ಅವನು ಬಂದಿಲ್ಲ’. ಇವು ಇಂಗ್ಲಿಷಿನ ‘ಡಿಡ್ ನಾಟ್ ಕಮ್’, ‘ಹ್ಯಾಸ್ ನಾಟ್ ಕಮ್’ ಎಂಬ ಜೋಡಿಗೆ ಬಹುಮಟ್ಟಿಗೆ ಸರಿಹೊಂದುತ್ತವೆ. ಈ ಭೇದವನ್ನು ದಿನವೂ ತಪ್ಪದೆ ಪಾಲಿಸುವ ಬಾಲಕನಿಗೆ ಅದನ್ನೇ ಹೊಸ ತತ್ತ್ವವೆಂಬಂತೆ ಸೂತ್ರದಿಂದ ಉಪದೇಶಿಸುತ್ತ ಬಂದೆವು.

ಹೊಂದದ ಸ್ಥಳಗಳೂ ಉಂಟು, ತೊಡಕಿರುವುದು ಅಲ್ಲಿ. ಕಾದಿದ್ದ ಬಸ್ಸು ತಿರುವಿನಲ್ಲಿ ಕಂಡೊಡನೆ ನಾವು ‘ಬಸ್ಸು ಬಂತು’ ಎಂದು ಶುದ್ಧ ಭೂತರೂಪವನ್ನು ಆಡುತ್ತೇವೆ. ಇಂಗ್ಲಿಷಿನವನು ಇಲ್ಲಿ ವರ್ತಮಾನವನ್ನೋ ಪೂರ್ಣವರ್ತಮಾನವನ್ನೋ ಬಯಸುತ್ತಾನೆ. ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂಬಲ್ಲಿ ನಮಗೆ ವರ್ತಮಾನವೇ ಸಾಕು, ಇಂಗ್ಲಿಷಿಗೆ ಸಾಲದು. ‘ನಿನ್ನೆ’ಯ ಮಾತನ್ನು ಆಗಲೇ ಹೇಳಿದೆವು. ಕಲಿಸಬೇಕಾದ ಅಂಶಗಳು ಮುಖ್ಯವಾಗಿ ಇಷ್ಟೇ.

ಇಪ್ಪತ್ತನೆಯ ಶತಮಾನದ ಬೋಧನಕ್ರಮಗಳು ಈ ಕೆಲಸವನ್ನು ಬೇರೆ ದಿಕ್ಕಿನಿಂದ ಕೈಗೊಂಡುವು. ಹ್ಯಾರಲ್ಡ್ ಪಾಮರ್ 1924ರಲ್ಲಿ ಆಡುವ ಇಂಗ್ಲಿಷಿನ ವ್ಯಾಕರಣವನ್ನೂ, ಹಾರ್ನ್‌ಬಿ 1954ರಲ್ಲಿ ವಾಕ್ಯಮಾದರಿಗಳ ಕೈಪಿಡಿಯನ್ನೂ ಹೊರಡಿಸಿದರು. 1950ರ ದಶಕದಲ್ಲಿ ದಕ್ಷಿಣಭಾರತದ ಶಾಲೆಗಳಿಗೆ ರಚನಾಕ್ರಮವು ಬಂದಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣಭಾರತದ ಪ್ರಾಂತೀಯ ಇಂಗ್ಲಿಷ್ ಸಂಸ್ಥೆಯೂ ಸ್ಥಾಪಿತವಾದುವು. ಆಗಿನ ತರಗತಿಯ ಪ್ರಸಿದ್ಧ ಅಭಿನಯವು ಹಲವರಿಗೆ ನೆನಪಿರಬಹುದು. ಅಧ್ಯಾಪಕರು ಬಾಗಿಲ ಬಳಿಗೆ ಹೋಗಿ, ‘ಐ ಆಮ್ ಓಪನಿಂಗ್ ದ ಡೋರ್’ ಎನ್ನುತ್ತ ತೆರೆಯುವರು. ತೆರೆದಾದ ಮೇಲೆ ‘ಐ ಹ್ಯಾವ್ ಓಪನ್ಡ್ ದ ಡೋರ್’ ಎನ್ನುವರು. ತರಗತಿಯೆಲ್ಲ ಒಕ್ಕೊರಲಿನಿಂದ ಅದನ್ನು ಹೇಳುವುದು. ಲ್ಯಾಟಿನ್ನಿನ ಹೆಸರುಗಳ ಕಾಟವನ್ನು ಇದು ತಪ್ಪಿಸಿತು, ಬಾಯಿಗೆ ಮಾತನ್ನು ಕೊಟ್ಟಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ಬಾಗಿಲ ಪಾಠದಿಂದ ಹುಡುಗನು ಗ್ರಹಿಸಿದ್ದು, ಈಗತಾನೆ ಮುಗಿದುದಕ್ಕೆ ಈ ರೂಪ ಎಂಬುದನ್ನು ಮಾತ್ರ. ಹತ್ತು ವರ್ಷಗಳ ಹಿಂದೆ ಕಾಶಿಯನ್ನು ನೋಡಿ ಬಂದವನೂ ‘ಐ ಹ್ಯಾವ್ ಬೀನ್ ಟು ಕಾಶಿ’ ಎನ್ನಬಹುದೆಂಬುದಕ್ಕೆ ಬಾಗಿಲಿನಲ್ಲಿ ದೃಷ್ಟಾಂತವಿರಲಿಲ್ಲ. ಕ್ರಿಯೆಯ ಕಾಲ, ಮಾತಿನ ಕಾಲ ಇವೆರಡಲ್ಲದೆ, ಯಾವ ನೆಲೆಯಲ್ಲಿ ನಿಂತು ಕ್ರಿಯೆಯನ್ನು ನೋಡುತ್ತೇವೆಯೋ ಆ ಮೂರನೆಯ ಕಾಲವೊಂದುಂಟೆಂದು ತರ್ಕಶಾಸ್ತ್ರಜ್ಞ ರೈಖೆನ್‌ಬಾಖ್ 1947ರಲ್ಲಿಯೇ ತೋರಿಸಿದ್ದನು. ಶಾಲೆಯ ಬಾಗಿಲವರೆಗೆ ಅದು ಬರಲಿಲ್ಲ.

ರಚನಾಕ್ರಮದ ಇನ್ನೊಂದು ಕಟ್ಟಳೆಯು ಹೆಚ್ಚು ನಷ್ಟವನ್ನುಂಟುಮಾಡಿತೆಂದು ನಮ್ಮ ಅಭಿಪ್ರಾಯ: ಇಂಗ್ಲಿಷ್ ತರಗತಿಯಲ್ಲಿ ಕನ್ನಡವು ಆದಷ್ಟು ಕೇಳಿಸಕೂಡದು. ‘ಬರಲಿಲ್ಲ’, ‘ಬಂದಿಲ್ಲ’ ಎಂಬ ಎರಡು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದರೆ ಅರ್ಧ ಗಂಟೆಯಲ್ಲಿ ಮನದಟ್ಟಾಗುತ್ತಿದ್ದುದನ್ನು ಒಂದು ವರ್ಷದ ಅಭಿನಯದಿಂದ ಸಾಧಿಸಹೊರಟಂತಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದೆಡೆಗಳ ಕೆಲವು ಶಾಲೆಗಳಲ್ಲಿ ನಡೆದು ‘ಬೆಂಗಳೂರು ಯೋಜನೆ’ಯೆಂದು ಲೋಕಪ್ರಸಿದ್ಧವಾದ ಪ್ರಯೋಗವು ರಚನಾಕ್ರಮವನ್ನೇ ಪ್ರಶ್ನಿಸಿತು. ರೂಪಗಳನ್ನು ಒಂದೊಂದಾಗಿ ಕಲಿಸದೆ, ರೈಲಿನ ವೇಳಾಪಟ್ಟಿ, ಭೂಪಟಗಳಂತಹ ಸಮಸ್ಯೆಗಳನ್ನು ಬಿಡಿಸುತ್ತ ಮಕ್ಕಳು ಭಾಷೆಯನ್ನು ತಾವಾಗಿ ಹೀರಿಕೊಳ್ಳಲಿ ಎಂಬುದು ಅದರ ತತ್ತ್ವ. ನಮ್ಮ ವಿಷಯಕ್ಕೆ ಅದು ನೇರವಾಗಿ ಸಂಬಂಧಿಸಿದುದಲ್ಲವಾದರೂ, ಕಂಠಪಾಠವಾದ ರೂಪವು ಅರ್ಥದ ಅಗತ್ಯ ಒದಗಿದಾಗ ನಾಲಗೆಗೆ ಬರುವುದಿಲ್ಲವೆಂಬ ಅದರ ಮೂಲ ಆಕ್ಷೇಪಣೆಯು ಪೂರ್ಣವರ್ತಮಾನಕ್ಕೆ ಒಪ್ಪುವಷ್ಟು ಬೇರಾವುದಕ್ಕೂ ಒಪ್ಪಲಾರದು.

ಪರೀಕ್ಷಕರ ಕಾಠಿಣ್ಯದ ವಿಷಯದಲ್ಲಿಯೂ ಒಂದು ಮಾತು. ನಾವು ಅಂಕ ಕಳೆಯುವ ಪ್ರಯೋಗಗಳೆಲ್ಲವೂ ಇಂಗ್ಲಿಷರೆಲ್ಲರಿಗೂ ಅಸಾಧುವಲ್ಲ. ‘ಡಿಡ್ ಯು ಈಟ್ ಯೆಟ್?’ ಎಂದು ಅಮೆರಿಕದವನು ಸಹಜವಾಗಿ ಕೇಳುತ್ತಾನೆ. ಬ್ರಿಟಿಷ್ ಪಠ್ಯಪುಸ್ತಕವು ಅಲ್ಲಿ ‘ಹ್ಯಾವ್ ಯು ಈಟನ್?’ ಎಂಬುದನ್ನೇ ವಿಧಿಸುತ್ತದೆ. ಮನೆಗೆ ಬಂದವರನ್ನು ‘ಊಟ ಆಯಿತೆ?’ ಎಂದು ಭೂತರೂಪದಿಂದಲೇ ವಿಚಾರಿಸುವ ಕನ್ನಡಿಗನು ಈ ಒಂದು ಪ್ರಯೋಗದಲ್ಲಿ ಅಮೆರಿಕದವನ ಪಂಕ್ತಿಯಲ್ಲಿ ಕುಳಿತಿದ್ದಾನೆ.